ಮೂರು ತಂತಿ, ಎರಡು ಸಾವಿರ ಹೆಸರು

ಕಳೆದ ತಿಂಗಳು ಫೋನ್ ರಿಪೇರಿ ಮಾಡಿಸಲು ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಗೆ ಹೋಗಿದ್ದೆ. ಅಂಗಡಿಯವನು ಫೋನು ಬಿಚ್ಚಿ ಸಾಲ್ಡರಿಂಗ್ ಕಡ್ಡಿಯ ಮೊನೆಯನ್ನು ಒಳಗೆಲ್ಲೋ ಮುಟ್ಟಿಸಿದ. ಎಳೆಯಷ್ಟು ಹೊಗೆ ಎದ್ದಿತು. ಸುಟ್ಟ ರಾಳದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಸುತ್ತಲಿನ ಆಟೋಗಳ ಹಾರ್ನ್ ಸದ್ದು, ಜನರ ನೂಕಾಟ ಎಲ್ಲ ದೂರವಾಗಿ, ತೊಂಬತ್ತೆಂಟರ ಮಳೆಗಾಲದ ಒಂದು ಭಾನುವಾರ ಕಣ್ಣೆದುರು ಬಂದು ನಿಂತಿತು. ಇಂದಿರಾನಗರದ ಒಂದು ಮನೆಯ ಊಟದ ಮೇಜು. ಮೇಜಿನ ಮೇಲೆ ಎರಡು ಕಂಪ್ಯೂಟರು. ನಡುವೆ ಮೂರು ತಂತಿ.

ಆಗ ನನಗೆ ಇಪ್ಪತ್ತೇಳು. ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಅನಂತರಾಮಯ್ಯನವರ ಮನೆಯ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅವರು ವಿಮಾನಪುರದ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದು ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ‘ಬ್ಲಡ್ ಸಾರ್’ ಎನ್ನುತ್ತಿದ್ದರು. ಬಹಳ ಹಿಂದೆ ಅವರ ಅಣ್ಣ ಹಳೇ ಮದ್ರಾಸು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊಂದುವ ರಕ್ತ ಸಿಗದೆ ತೀರಿಕೊಂಡಿದ್ದರಂತೆ. ಅಂದಿನಿಂದ ಇವರು ರಕ್ತ ಕೊಡಲು ಒಪ್ಪುವವರ ಪಟ್ಟಿ ಮಾಡತೊಡಗಿದ್ದರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಹಲಸೂರಿನ ದೇವಸ್ಥಾನದ ಮುಂದೆ, ರಸೆಲ್ ಮಾರ್ಕೆಟ್ಟಿನ ಮೆಟ್ಟಿಲ ಮೇಲೆ, ಎಲ್ಲೆಂದರಲ್ಲಿ ನಿಂತು ಹೆಸರು ಬರೆದುಕೊಂಡಿದ್ದರು. ಯಾವುದೋ ಕಚೇರಿ ಹರಾಜಿಗಿಟ್ಟ ಹಳೆಯ ಕಂಪ್ಯೂಟರೊಂದನ್ನು ಮನೆಗೆ ತಂದು, ಎರಡೇ ಬೆರಳಿನಲ್ಲಿ ಅಷ್ಟನ್ನೂ ಅದರೊಳಗೆ ತುಂಬಿದ್ದರು. ಕಪ್ಪು ಪರದೆ, ಹಸಿರು ಅಕ್ಷರ. ಟೈಪ್ ಮಾಡಿ ಮುಗಿದ ನೋಟ್‌ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದ್ದರು. ಅವನ್ನು ಗೆದ್ದಲು ತಿಂದು ಮುಗಿಸಿತ್ತು.

ಆದರೆ ಆಸ್ಪತ್ರೆಯಿಂದ ಫೋನ್ ಬಂದಾಗ ಅವರು ಕಂಪ್ಯೂಟರಿನ ಕಡೆ ತಿರುಗಿದ್ದನ್ನೇ ನಾನು ನೋಡಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ, "ಬರ್ಕೊಳ್ಳಿ. ದೊಮ್ಮಲೂರಲ್ಲಿ ಒಬ್ರು ಟೈಲರ್ ಇದಾರೆ, ಎ ನೆಗೆಟಿವ್. ಹೋದ್ ಸಲ ಕೊಟ್ಟು ನಾಲ್ಕ್ ತಿಂಗ್ಳಾಯ್ತು, ಕೊಡ್ಬಹುದು," ಎಂದು ಹೇಳಿ ಫೋನ್ ಇಡುತ್ತಿದ್ದರು. ನಾನು ಬಾಯಿ ತೆರೆದು ನೋಡುತ್ತಿದ್ದೆ.

ಆ ವರ್ಷ ಮುಂಗಾರು ಹಿಡಿದ ವಾರವೇ ಅವರಿಗೆ ಲಕ್ವ ಹೊಡೆಯಿತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಬಲಗೈ, ಬಲಗಾಲು ಸೋತಿದ್ದವು. ಮಾತು ಹೋಗಿತ್ತು. ಉಳಿದದ್ದು ಒಂದೇ ಪದ, ‘ಅದು’. ಹಸಿವಾದರೂ ಅದು, ನಿದ್ದೆ ಬಂದರೂ ಅದು, ಸಿಟ್ಟು ಬಂದರೂ ಅದು. ಅವರ ಹೆಂಡತಿ ಲಲಿತಮ್ಮ ದಿನವಿಡೀ ಹಿಂದೆ ಮುಂದೆ ಓಡಾಡುತ್ತ, "ಯಾವುದ್ರೀ? ಕಾಫಿನಾ? ಪೇಪರಾ? ಬೆನ್ನು ನೋಯ್ತಿದೆಯಾ?" ಎಂದು ಕೇಳುವರು. ಹತ್ತರಲ್ಲಿ ಒಂಬತ್ತು ಸಲ ತಪ್ಪಾಗುತ್ತಿತ್ತು. ಆಗ ಆ ಹಿರಿಯರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಬಿಡುತ್ತಿದ್ದರು.

ಫೋನ್‌ಗಳು ಮಾತ್ರ ನಿಲ್ಲಲಿಲ್ಲ. ನಾನು ಕಚೇರಿಯಿಂದ ಬಂದವಳೇ ಕೆಳಗಿಳಿದು ಆ ಹಸಿರು ಅಕ್ಷರಗಳ ಮುಂದೆ ಕೂರತೊಡಗಿದೆ. ಆ ಕಂಪ್ಯೂಟರಿಗೂ ವಯಸ್ಸಾಗಿತ್ತು. ಒಳಗಿನ ಡಿಸ್ಕು ತಿರುಗುವಾಗ ಎಣ್ಣೆ ಕಾಣದ ಸೈಕಲ್ ಚಕ್ರದಂತೆ ಕಿರುಗುಟ್ಟುತ್ತಿತ್ತು. ಜುಲೈನಲ್ಲಿ ಒಂದು ಸಂಜೆ ಅದು ಏಳಲೇ ಇಲ್ಲ. ಮೂರನೆಯ ಸಲ ಸ್ವಿಚ್ ಹಾಕಿದಾಗ ಎದ್ದಿತು.

ಸುದ್ದಿ ತಿಳಿದ ರಕ್ತದಾನಿಯೊಬ್ಬರು ತಮ್ಮ ಕಚೇರಿಯಲ್ಲಿ ಬದಲಾಯಿಸಿದ ಕಂಪ್ಯೂಟರೊಂದನ್ನು ತಂದುಕೊಟ್ಟರು. ಹಳೆಯದಕ್ಕೆ ಹೋಲಿಸಿದರೆ ಅದು ರಾಜಕುಮಾರ. ಬಣ್ಣದ ಪರದೆ, ಮೌಸು. ಆದರೆ ಪಟ್ಟಿಯನ್ನು ಫ್ಲಾಪಿ ಡಿಸ್ಕಿನಲ್ಲಿ ಸಾಗಿಸೋಣವೆಂದರೆ ಹಳೆಯದರದ್ದು ದೋಸೆಯಷ್ಟು ಅಗಲ, ಹೊಸದರದ್ದು ಅಂಗೈಯಷ್ಟು. ಹಳೆಯದರ ಡಿಸ್ಕು ಬಿಚ್ಚಿ ಇದಕ್ಕೆ ಹಾಕೋಣವೆಂದರೆ ಕೂರುವುದಿಲ್ಲ. ಅಂಗಡಿಯವನೊಬ್ಬ ಬಂದು ನೋಡಿ, "ಹಳೇದನ್ನ ಮರ್ತ್‌ಬಿಡಿ ಮೇಡಂ. ಹೊಸ್ದಾಗಿ ಟೈಪ್ ಮಾಡಿಸ್ಕೊಳ್ಳಿ," ಎಂದ. ಏನನ್ನು ನೋಡಿಕೊಂಡು ಟೈಪ್ ಮಾಡಿಸುವುದು? ಪುಸ್ತಕ ಗೆದ್ದಲಿನ ಹೊಟ್ಟೆಯಲ್ಲಿ, ಪ್ರಿಂಟರು ಕೆಟ್ಟು ವರ್ಷವಾಗಿತ್ತು, ಬಲ್ಲವರ ಬಾಯಿ ಕಟ್ಟಿತ್ತು.

ದಾರಿ ತೋರಿಸಿದವರು ಮುನಿರಾಜಪ್ಪ. ಕೆ.ಆರ್. ಪುರದ ಆಚೆಯ ಹಳ್ಳಿಯವರು. ಅವರ ತಂದೆ ರಾಗಿ ಬೆಳೆದ ಹೊಲದಲ್ಲಿ ಆಗಲೇ ಬಾಡಿಗೆ ಮನೆಗಳ ಸಾಲು ಎದ್ದಿತ್ತು. ಅವರು ಮಾತ್ರ ಕಾರ್ಖಾನೆಯಲ್ಲಿ ವಿಮಾನದ ಮೀಟರುಗಳನ್ನು ರಿಪೇರಿ ಮಾಡುವ ಕೆಲಸ ಬಿಟ್ಟಿರಲಿಲ್ಲ. ಅವರೂ ಪಟ್ಟಿಯಲ್ಲಿದ್ದವರೇ. ಪ್ರತಿ ಭಾನುವಾರ ಸಾರನ್ನು ನೋಡಲು ಬರುತ್ತಿದ್ದರು. ಒಂದು ಸಲ ಎರಡೂ ಕಂಪ್ಯೂಟರುಗಳ ಹಿಂದೆ ಬಗ್ಗಿ, ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು.

"ಎರಡಕ್ಕೂ ಹಿಂದ್ಗಡೆ ತಂತಿ ಸಿಕ್ಸೋಕೆ ಒಂದೇ ಜಾತಿ ಕಿಂಡಿ ಐತೆ ನೋಡ್ರಮ್ಮ," ಎಂದರು. "ಒಂದು ಪಿನ್ನು ಮಾತಾಡೋದು, ಒಂದು ಕೇಳಿಸ್ಕೊಳ್ಳೋದು. ಇದರ ಬಾಯಿನ ತಗೊಂಡ್ ಹೋಗಿ ಅದರ ಕಿವಿಗೆ ಕಟ್ಬೇಕು. ಅದರ ಬಾಯಿ ಇದರ ಕಿವಿಗೆ. ಇನ್ನೊಂದು ಅರ್ಥಿಂಗು. ಮೂರ್ ತಂತಿ ಸಾಕು."

"ಮೂರೇ ತಂತೀಲಿ ಅಷ್ಟೂ ಜನ ಬರ್ತಾರಾ?" ಎಂದೆ.

"ಸಾಲಾಗಿ ಬರ್ಬೇಕಷ್ಟೇ," ಎಂದು ನಕ್ಕರು.

ಆಗಸ್ಟಿನ ಆ ಭಾನುವಾರ ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಮುನಿರಾಜಪ್ಪ ಊಟದ ಮೇಜಿನ ಮೇಲೆ ಪೇಪರ್ ಹಾಸಿ ತಂತಿಗಳನ್ನು ಬೆಸೆದರು. ಲಲಿತಮ್ಮ, "ಊಟದ ಮೇಜಪ್ಪಾ ಅದು," ಎಂದು ಮೆಲ್ಲಗೆ ಗೊಣಗಿ ಕಾಫಿ ಇಟ್ಟುಹೋದರು. ಅನಂತರಾಮಯ್ಯನವರನ್ನು ಬೆತ್ತದ ಕುರ್ಚಿಯಲ್ಲಿ, ಎರಡೂ ಪರದೆ ಕಾಣುವಂತೆ ಕೂರಿಸಿದ್ದೆವು. ಹಳೆಯ ಯಂತ್ರ ನಾಲ್ಕನೆಯ ಪ್ರಯತ್ನಕ್ಕೆ ಎದ್ದಿತು. ಮೊದಲು ವೇಗವಾಗಿ ಕಳಿಸಿ ನೋಡಿದರು. ಆ ಕಡೆ ಬಂದದ್ದು ಬರೀ ಕಸ, ಆವರಣ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ. ವೇಗ ಇಳಿಸಿದರು, ಇನ್ನೂ ಇಳಿಸಿದರು. ಕೊನೆಗೆ ಎಷ್ಟು ಇಳಿಸಲು ಸಾಧ್ಯವೋ ಅಷ್ಟು ಇಳಿಸಿ, "ಈಗ ನೋಡಿ," ಎಂದು ಗುಂಡಿ ಒತ್ತಿದರು.

ಹೊಸ ಪರದೆಯ ಎಡತುದಿಯಲ್ಲಿ ಒಂದು ಅಕ್ಷರ ಮೂಡಿತು. ಪಕ್ಕದಲ್ಲಿ ಇನ್ನೊಂದು. ಯಾರೂ ಕೀಲಿಮಣೆ ಮುಟ್ಟಿರಲಿಲ್ಲ. ಮೊದಲ ಹೆಸರುಗಳನ್ನು ನಾನು ಓದಲೇ ಇಲ್ಲ. ಅಕ್ಷರಗಳು ತಾವಾಗಿ ಬರುತ್ತಿರುವುದನ್ನೇ ನೋಡುತ್ತ ನಿಂತುಬಿಟ್ಟೆ. ಈಗ ನಗು ಬರಬಹುದು. ಆದರೆ ಆ ಹೊತ್ತಿಗೆ ನನ್ನ ಮೈಮೇಲೆ ರೋಮ ಎದ್ದಿದ್ದು ನಿಜ. ಒಂದು ಸಾಲು ಮುಗಿಯಲು ಮೂರು ಸೆಕೆಂಡು. ಹೆಸರು, ವಯಸ್ಸು, ರಕ್ತದ ಗುಂಪು, ಎಲ್ಲಿಯವರು, ಫೋನ್ ಇದ್ದರೆ ಅದು. ಮೂರು ಸೆಕೆಂಡೆಂದರೆ ಒಬ್ಬ ಮನುಷ್ಯನ ಹೆಸರನ್ನು ಬಾಯಿಬಿಟ್ಟು ಓದಲು ಬೇಕಾದಷ್ಟೇ ಹೊತ್ತು. ಕೆಲವು ನಿಮಿಷ ಕಳೆದ ಮೇಲೆ ನಾವೆಲ್ಲ ಓದತೊಡಗಿದೆವು.

"ಫ್ರಾನ್ಸಿಸ್, ಮರ್ಫಿ ಟೌನ್... ಓ, ಬೇಕರಿಯವ್ರು!"

"ತಾಯಮ್ಮ. ಹಲಸೂರು. ಇವ್ರು ಹೂ ಮಾರ್ತಾರೆ ಕಣ್ರೀ," ಎಂದರು ಲಲಿತಮ್ಮ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ.

ಬಸ್ಸಿನ ಕಂಡಕ್ಟರು, ಮಾಂಸದಂಗಡಿಯವರು, ಶಾಲೆಯ ಮೇಡಂ, ಪೊಲೀಸು, ಹಸು ಕಟ್ಟಿ ಹಾಲು ಮಾರುವವರು. ಬೆಂಗಳೂರಿನ ಪೂರ್ವದ ಬೀದಿಗಳಲ್ಲಿ ಒಬ್ಬರಿಗೊಬ್ಬರು ಗುರುತಿಲ್ಲದೆ ಓಡಾಡುತ್ತಿದ್ದ ಇಷ್ಟೊಂದು ಜನ, ಯಾರೋ ಕಾಣದವರಿಗಾಗಿ ತೋಳು ಚಾಚಲು ಒಪ್ಪಿದ್ದರು. ಅನಂತರಾಮಯ್ಯನವರು ಪ್ರತಿ ಹೆಸರಿಗೂ ಸಣ್ಣಗೆ ತಲೆಯಾಡಿಸುತ್ತಿದ್ದರು, ಮದುವೆ ಮನೆಯ ಬಾಗಿಲಲ್ಲಿ ಬಂದವರನ್ನು ಎದುರುಗೊಳ್ಳುವವರ ಹಾಗೆ.

ನಾನೂರು ಹೆಸರು ದಾಟಿರಬೇಕು, ಬಾಗಿಲು ಬಡಿದ ಸದ್ದು. ತೊಯ್ದು ತೊಪ್ಪೆಯಾದ ಒಬ್ಬ ಯುವಕ. ಬೆರಳುಗಳ ತುದಿಯಲ್ಲಿ ಒಣಗಿದ ಗೋಂದು. ಸೈಕಲ್ ಗೋಡೆಗೆ ಒರಗಿಸಿದ್ದ. ಹೆಸರು ಇಮ್ತಿಯಾಜ್, ಶಿವಾಜಿನಗರದಲ್ಲಿ ಪುಸ್ತಕ ಬೈಂಡಿಂಗ್ ಕೆಲಸ. ಬೆಳಗ್ಗೆ ಹೆಂಡತಿಗೆ ಹೆರಿಗೆಯಾಗಿತ್ತು. ರಕ್ತ ಹೋಗುವುದು ನಿಂತಿರಲಿಲ್ಲ. ಆಸ್ಪತ್ರೆಯವರು ಈ ವಿಳಾಸ ಬರೆದುಕೊಟ್ಟು ಕಳಿಸಿದ್ದರು.

"ಮೊದ್ಲು ಒ ಅಂದ್ರು ಅಮ್ಮಾ. ಆಮೇಲೆ ಒ ಕೂಡ ಸೇರಲ್ಲ ಅಂದ್ರು. ಬಾಂಬೆ ಗ್ರೂಪಂತೆ. ನಮ್ಮೋರು ಯಾರೂ ಬಾಂಬೆ ನೋಡೇ ಇಲ್ಲ," ಎಂದ. ಒದ್ದೆಯಾದ ಚೀಟಿಯನ್ನು ನನ್ನ ಕೈಗಿಟ್ಟ.

ಬಾಂಬೆ ಗುಂಪು ಬಹಳ ಅಪರೂಪದ್ದೆಂದು ನಾನು ಕೇಳಿದ್ದೆ. ಆ ಗುಂಪಿನವರಿಗೆ ಅದೇ ಗುಂಪಿನವರದೇ ಆಗಬೇಕು. ಪಟ್ಟಿಯಲ್ಲಿ ಅದನ್ನು ಒ ಮತ್ತು ಎಚ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆಂದೂ ಗೊತ್ತಿತ್ತು. ಅಂಥವರು ಪಟ್ಟಿಯಲ್ಲಿ ಇದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಆವರೆಗೆ ಬಂದ ಹೆಸರುಗಳನ್ನು ಮೇಲಕ್ಕೆ ಉರುಳಿಸಿ ನೋಡಿದೆವು. ಇರಲಿಲ್ಲ.

"ಇದನ್ನ ನಿಲ್ಲಿಸಿ, ಹಳೇದ್ರಲ್ಲೇ ಹುಡುಕೋಣ ಮುನಿರಾಜಪ್ಪನವ್ರೇ," ಎಂದೆ.

ಅವರು ಹಳೆಯ ಯಂತ್ರದ ಮೇಲೆ ಅಂಗೈ ಇಟ್ಟು ಸದ್ದು ಆಲಿಸಿದರು. "ಬ್ಯಾಡಿ ಅಮ್ಮ. ಈಗ ಒಂದ್ ಕಡೆಯಿಂದ ಓದ್ಕೊಂಡ್ ಹೋಗ್ತಾ ಐತೆ. ನಿಲ್ಸಿ ಇನ್ನೇನಾದ್ರೂ ಕೇಳಿದ್ರೆ ಮತ್ತೆ ಓದುತ್ತೆ ಅಂತ ನಾನ್ ಹೇಳಕ್ಕಾಗಲ್ಲ. ಹೋದ್ರೆ ಎಲ್ಲಾ ಹೋಗುತ್ತೆ. ಇದ್ರೆ ಬರ್ತಾರೆ. ಕಾಯೋಣ."

ಇಮ್ತಿಯಾಜ್‌ಗೆ ಕುರ್ಚಿ ಕೊಟ್ಟೆ. ಅವನು ಕೂರಲಿಲ್ಲ. ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತ. ಮೂರು ಸೆಕೆಂಡಿಗೊಂದು ಹೆಸರು. ಬಿ ಪಾಸಿಟಿವ್. ಒ ಪಾಸಿಟಿವ್. ಎ. ಒ. ಬಿ. ಹೊರಗೆ ಗುಡುಗು. ಕರೆಂಟ್ ಹೋದರೆ ಎನ್ನುವ ಮಾತನ್ನು ಯಾರೂ ಆಡಲಿಲ್ಲ. ಎಲ್ಲರೂ ಅದನ್ನೇ ಯೋಚಿಸುತ್ತಿದ್ದೆವು.

ಅನಂತರಾಮಯ್ಯನವರು ಚಡಪಡಿಸತೊಡಗಿದ್ದು ಆಗ. "ಅದು... ಅದು... ಅದು!" ಎಡಗೈಯನ್ನು ಮುಂದಕ್ಕೆ ನೆಟ್ಟಗೆ ಚಾಚಿ, ಮೆಲ್ಲಗೆ ಮೇಲಕ್ಕೆತ್ತಿದರು. ಮೆಲ್ಲಗೆ ಇಳಿಸಿದರು. ಮತ್ತೆ ಎತ್ತಿದರು.

"ಕಿಟಕಿ ಹಾಕ್ಬೇಕಾ? ಎರಚಲು ಬರ್ತಿದೆಯಾ?" ಎಂದು ಲಲಿತಮ್ಮ ಕಿಟಕಿ ಮುಚ್ಚಿದರು. ಅನಂತರಾಮಯ್ಯನವರು ತಲೆ ಕೊಡವಿದರು. "ಫ್ಯಾನಾ? ಮಲಗ್ತೀರಾ?" ಮತ್ತೆ ಅದೇ, ಕೈ ಮೇಲೆ, ಕೈ ಕೆಳಗೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ನನಗೆ ಅವರನ್ನು ನೋಡಲಾಗಲಿಲ್ಲ. ಪರದೆಯ ಕಡೆ ತಿರುಗಿಕೊಂಡೆ.

ಹಾಗೆ ನಲವತ್ತು ನಿಮಿಷ ಕಳೆಯಿತು. ಸಾವಿರದ ಮುನ್ನೂರರ ಆಸುಪಾಸು ಒಂದು ಸಾಲು ಮೂಡತೊಡಗಿತು. ಚೆನ್ನಪ್ಪ ಕೆ. ಮೂವತ್ತನಾಲ್ಕು. ಆಮೇಲೆ ಒ. ಅದರ ಪಕ್ಕ ಪಾಸಿಟಿವ್ ಬರಲಿಲ್ಲ. ಎಚ್ ಬಂತು. ಗೇಟ್‌ಮನ್. ಬೈಯಪ್ಪನಹಳ್ಳಿ ರೈಲ್ವೆ ಗೇಟ್. ಫೋನಿನ ಜಾಗ ಖಾಲಿ.

ತಿರುಗಿ ನೋಡಿದೆ. ಅನಂತರಾಮಯ್ಯನವರ ಎಡಗೈ ಇನ್ನೂ ಮೇಲೇಳುತ್ತಿತ್ತು, ಕೆಳಗಿಳಿಯುತ್ತಿತ್ತು. ರೈಲ್ವೆ ಗೇಟು! ನಲವತ್ತು ನಿಮಿಷದಿಂದ ಅವರು ಅದನ್ನೇ ಹೇಳುತ್ತಿದ್ದರು. ನಾವು ಕಿಟಕಿ ಮುಚ್ಚಿದ್ದೆವು. ಎರಡು ಸಾವಿರ ಜನರೂ ಆ ತಲೆಯೊಳಗೆ ಒಬ್ಬರೂ ಕದಲದೆ ಕೂತಿದ್ದರು. ನಾನು ಅವರ ಪಾದ ಮುಟ್ಟಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ನನ್ನ ಕೈನೆಟಿಕ್ ಸ್ಕೂಟರ್ ಹೊರಗೆಳೆದು, "ಹತ್ತಿ," ಎಂದೆ. ಇಮ್ತಿಯಾಜ್ ಸಂಕೋಚದಿಂದ ಸೀಟಿನ ತುತ್ತತುದಿಯಲ್ಲಿ, ಹಿಂದಿನ ಕಂಬಿ ಹಿಡಿದು ಕೂತ. ಹಳೇ ಮದ್ರಾಸು ರಸ್ತೆಯ ನೀರಿನಲ್ಲಿ ಎರಡು ಸಲ ಗಾಡಿ ನಿಂತಿತು. ಎರಡು ಸಲವೂ ಅವನು ಇಳಿದು ತಳ್ಳಿದ. ಗೇಟು ಮುಚ್ಚಿತ್ತು. ಹಸಿರು ಬಾವುಟ ಹಿಡಿದು ಪುಟ್ಟ ಕೋಣೆಯ ಮುಂದೆ ನಿಂತಿದ್ದ ಕಪ್ಪನೆಯ, ಎತ್ತರದ ಮನುಷ್ಯನನ್ನು ಕೂಗಿ ಕೇಳಿದೆ, "ಚೆನ್ನಪ್ಪನವ್ರು ಅಂದ್ರೆ?"

"ನಾನೇ." ಗೂಡ್ಸ್ ಗಾಡಿ ಹೋಗುವವರೆಗೂ ಅವರು ನಮ್ಮತ್ತ ನೋಡಲಿಲ್ಲ. ಕೊನೆಯ ಡಬ್ಬಿ ದಾಟಿದ ಮೇಲೆ ಗೇಟೆತ್ತಿ ಹತ್ತಿರ ಬಂದರು. ನಾನು ಹೇಳಿ ಮುಗಿಸುವ ಮೊದಲೇ, "ಮೂರ್ ವರ್ಷದಿಂದ ಕಾಯ್ತಾ ಇದೀನಿ ಮೇಡಂ. ಸಾರ್ ಯಾಕ್ ಬರ್ಲಿಲ್ಲ?" ಎಂದರು.

ಹೇಳಿದೆ. ಅವರು ಬಾವುಟವನ್ನು ನಿಧಾನವಾಗಿ ಸುತ್ತಿದರು.

"ಸಾರ್ ಒಂದ್ ದಿನ ಬಂದು ಹೇಳಿದ್ರು, ‘ಚೆನ್ನಪ್ಪ, ನನ್ ಪಟ್ಟೀಲಿ ಈ ರಕ್ತದೋನು ನೀನೊಬ್ನೇ ಕಣಯ್ಯ, ಹುಷಾರಾಗಿರು’ ಅಂತ. ಅವತ್ತಿಂದ ಕುಡಿಯೋದ್ ಬಿಟ್ಟೆ. ಊರಿಗೆ ಹೋಗ್ಬೇಕಾದ್ರೂ ಸಾರ್‌ಗೆ ಪೋಸ್ಟ್ ಕಾರ್ಡ್ ಹಾಕ್ತಿದ್ದೆ, ಇಂಥಾ ದಿನ ಇರಲ್ಲ, ಇಂಥಾ ದಿನ ಬರ್ತೀನಿ ಅಂತ."

ನನ್ನ ಕೋಣೆಯಿಂದ ಎರಡು ಮೈಲಿಯೂ ಇಲ್ಲದ ಜಾಗದಲ್ಲಿ ಒಬ್ಬ ಮನುಷ್ಯ ತನ್ನ ರಕ್ತವನ್ನು ಹೀಗೆ ಕಾದಿಟ್ಟುಕೊಂಡು ಬದುಕುತ್ತಿದ್ದ, ಯಾರಿಗೆಂದು ಗೊತ್ತಿಲ್ಲದೆ. ಇಮ್ತಿಯಾಜ್ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಗೇಟನ್ನು ಬಿಟ್ಟು ಬರುವಂತಿರಲಿಲ್ಲ. ಚೆನ್ನಪ್ಪ ಹಿಡಿ ತಿರುಗಿಸುವ ರೈಲ್ವೆ ಫೋನಿನಲ್ಲಿ ಸ್ಟೇಷನ್ನಿಗೆ ಹೇಳಿದರು. ಅಲ್ಲಿಂದ ಬದಲಿ ಆಳು ಓಡಿಬರುವವರೆಗೆ ಕಾಲು ಗಂಟೆ. ಆಮೇಲೆ ಇಬ್ಬರೂ ಆಟೋ ಹತ್ತಿದರು. ನಾನು ಹಿಂದೆಯೇ ಹೋದೆ. ಮಧ್ಯಾಹ್ನ ಮೂರರ ಹೊತ್ತಿಗೆ ನರ್ಸೊಬ್ಬರು ಹೊರಗೆ ಬಂದು, ರಕ್ತ ಹೋಗುವುದು ನಿಂತಿದೆ ಎಂದರು. ಹೆಣ್ಣು ಮಗು. ಚೆನ್ನಪ್ಪ ಕಾರಿಡಾರಿನ ಬೆಂಚಿನ ಮೇಲೆ ಬಿಸ್ಕತ್ತು ತಿನ್ನುತ್ತಿದ್ದರು. ಸುದ್ದಿ ಕೇಳಿ, "ಹಂಗಾದ್ರೆ ನಾನು ಡ್ಯೂಟಿಗೆ ಹೋಗ್ಬಹುದಾ?" ಎಂದು ಕೇಳಿದರು.

ಮನೆಗೆ ಬಂದಾಗ ಮುನಿರಾಜಪ್ಪ ಮೇಜಿನ ಮುಂದೆಯೇ ಇದ್ದರು. "ಎಲ್ಲಾ ಬಂದ್ರು ಅಮ್ಮ. ಎರಡ್ ಸಾವಿರದ ನೂರಾ ಹದಿನಾರು. ಗುಡುಗಿದಾಗ ಒಂದ್ ನಾಕೈದು ಸಾಲು ಕೆಟ್ಟೈತೆ, ಅಷ್ಟೇ." ಹೊಸದರಲ್ಲಿ ಮೂರು ಪ್ರತಿ ಮಾಡಿದ್ದರು. ಆಮೇಲೆ ಹಳೆಯದನ್ನು ಆರಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿ ನೋಡಿದ್ದರು. ಒಳಗೆ ಟಕ್ ಟಕ್ ಎಂಬ ಸದ್ದು ಬಿಟ್ಟರೆ ಇನ್ನೇನಿರಲಿಲ್ಲ. ಅಂದು ಸುಮ್ಮನಾದದ್ದು ಮತ್ತೆ ಏಳಲೇ ಇಲ್ಲ.

ತಿಂಗಳಾದ ಮೇಲೆ ಇಮ್ತಿಯಾಜ್ ಬಂದು, ಪಟ್ಟಿಯ ಒಂದು ಪ್ರಿಂಟು ಬೇಕೆಂದು ಕೇಳಿದ. ನಾನು ಫ್ಲಾಪಿ ಒಯ್ದು ಹೊರಗೆ ಪ್ರಿಂಟು ಹಾಕಿಸಿ ಕೊಟ್ಟೆ. ವಾರದೊಳಗೆ ಅದಕ್ಕೆ ಕೆಂಪು ಬಟ್ಟೆಯ ರಟ್ಟು ಕಟ್ಟಿ ತಂದ. "ಇದಕ್ಕೆ ಕರೆಂಟ್ ಬೇಡ ಅಮ್ಮಾ," ಎಂದ. ದಿನವೂ ಬಲದಿಂದ ಎಡಕ್ಕೆ ಓದುವ ಉರ್ದು ಪುಸ್ತಕ ಕಟ್ಟುವ ಕೈ. ಅಭ್ಯಾಸಬಲದಿಂದ ಪುಸ್ತಕದ ಬೆನ್ನನ್ನು ಬಲಕ್ಕೆ ಹಾಕಿಬಿಟ್ಟಿದ್ದ. ನಮ್ಮ ರೂಢಿಯಂತೆ ತೆರೆದರೆ ಮೊದಲು ಸಿಗುತ್ತಿದ್ದುದು ಕೊನೆಯ ಪುಟ. ನೋಡಿ ನಾಲಗೆ ಕಚ್ಚಿಕೊಂಡ. ಬಿಚ್ಚಿ ಮತ್ತೆ ಕಟ್ಟುತ್ತೇನೆಂದ. ಲಲಿತಮ್ಮ ಬಿಡಲಿಲ್ಲ.

ಮಾತು ಕಲಿಸಲು ಬರುತ್ತಿದ್ದ ಟೀಚರು ಏನಾದರೂ ಗಟ್ಟಿಯಾಗಿ ಓದಿಸಿ ಎಂದಿದ್ದರು. ಪೇಪರು, ಮಕ್ಕಳ ಪುಸ್ತಕ, ದೇವರ ಸ್ತೋತ್ರ ಯಾವುದನ್ನು ಹಿಡಿದರೂ ಅನಂತರಾಮಯ್ಯನವರ ಬಾಯಿಂದ ‘ಅದು’ ಬಿಟ್ಟು ಇನ್ನೊಂದು ಹೊರಡಲಿಲ್ಲ. ಒಂದು ಸಂಜೆ ಸುಮ್ಮನೆ ಆ ಕೆಂಪು ಪುಸ್ತಕವನ್ನು ತೊಡೆಯ ಮೇಲಿಟ್ಟು ತೆರೆದೆ. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ತುಟಿ ಬಹಳ ಹೊತ್ತು ಒದ್ದಾಡಿತು. "ಜೋ... ಜೋಸೆಫ್," ಎಂದರು. ನಾನು ಅಲುಗಾಡಲಿಲ್ಲ. "ಎ ಪಾಸಿಟಿವ್," ಎಂದರು.

ಅಂದಿನಿಂದ ದಿನಕ್ಕೊಂದು ಪುಟ, ಕೊನೆಯಿಂದ ಮೊದಲಿಗೆ. ಮಳೆ ಹಿಂದೆ ಸರಿದು ಬಿಸಿಲು ಬಿದ್ದ ಹಾಗೆ ಹೆಸರುಗಳು ಒಂದೊಂದೇ ಬಂದವು. ನೀರು ಬೇಕೆಂದು ಕೇಳಲು ಅವರಿಗೆ ಬರುತ್ತಿರಲಿಲ್ಲ. ಆದರೆ ತೊದಲುತ್ತ ತೊದಲುತ್ತ ಸಾವಿರಕ್ಕೂ ಮೀರಿ ಜನರ ಹೆಸರು ಹೇಳಿದರು. ಟೀಚರಿಗೇ ಅದನ್ನು ನಂಬಲಾಗಲಿಲ್ಲ.

ದೀಪಾವಳಿಯ ಹಿಂದಿನ ದಿನ ಉಳಿದಿದ್ದ ಒಂದೇ ಪುಟಕ್ಕೆ ಬಂದೆವು. ಲಲಿತಮ್ಮ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅನಂತರಾಮಯ್ಯನವರ ಬೆರಳು ಸಾಲಿನಿಂದ ಸಾಲಿಗೆ ಮೇಲೇರಿ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ನಿಂತಿತು. ಈ ಸಲ ತುಟಿ ಒದ್ದಾಡಲಿಲ್ಲ.

"ಲಲಿತಾ. ಬಿ ಪಾಸಿಟಿವ್."

ಲಲಿತಮ್ಮ ನನ್ನ ಕಡೆ ನೋಡಿದರು. "ಭಾವನೋರು ತೀರ್ಕೊಂಡ ವರ್ಷ... ಯಾರಾದ್ರೂ ಹೆಸರು ಕೊಡಿ ಅಂತ ಇವ್ರು ಮನೆಗೆ ಬಂದ್ರು. ಅವತ್ತು ಮನೇಲಿದ್ದೋಳು ನಾನೊಬ್ಳೇ," ಎಂದರು. ಆಮೇಲೆ ದನಿ ಇಳಿಸಿ, "ಮದ್ವೆಯಾಗಿ ಮೂವತ್ತೆಂಟು ವರ್ಷ ಆಯ್ತು ಕಣಮ್ಮ. ಒಂದಿನಾನೂ ಹೆಸರು ಹಿಡಿದು ಕರೆದೋರಲ್ಲ, ‘ಇವಳೇ’ ಅಂತಿದ್ರು ಅಷ್ಟೇ," ಎಂದರು.

ಲೋಟವನ್ನು ಕಿಟಕಿಯ ಮೇಲಿಟ್ಟು, ಗಂಡನ ಎದುರು ನೆಲದ ಮೇಲೆ ಕೂತರು. ಪುಸ್ತಕವನ್ನು ಅವರ ಕಡೆಗೆ ಇನ್ನಷ್ಟು ಸರಿಸಿ, "ಇನ್ನೊಂದ್ ಸಲ ಓದ್ರೀ," ಎಂದರು.

ಅವರು ಓದಿದರು.